ಯಾರದೋ ಜ್ವರ

ಡಬ್ಬಿಯ ಮೇಲೆ ಅಚ್ಚಾಗಿದ್ದು ಮೂರು ಪಾಯಿಂಟ್ ಆರು.
ಪರದೆಯ ಮೇಲೆ ತೆವಳುತ್ತಿದ್ದದ್ದು ಸೊನ್ನೆ ಪಾಯಿಂಟ್ ಎಂಟು.
"ಕಾಲುಪಾಲೂ ಇಲ್ಲ" ಎಂದರು ಗೆನೊವೆಫಾ,
ನಾನು ಲೆಕ್ಕ ಹಾಕುವ ಮುಂಚೆಯೇ.

ಎಪ್ಪತ್ತೊಂಬತ್ತರ ಹೆಂಗಸು. ಮಾರ್ಕೆಟ್ಟಿನ ಗಾಲಿಚೀಲದಲ್ಲಿ
ಯಂತ್ರವನ್ನು ಕೂರಿಸಿ ಟ್ರಾಮಿನಲ್ಲಿ ತಂದಿದ್ದರು,
ಹೊರಗೆ ಮೈನಸ್ ಆರು ಎಂದು ಮೇಲೊಂದು ಟವೆಲು ಹೊದಿಸಿ.

ನಮ್ಮ ಊರು ವೂಚ್. ಹೆಸರಿನ ಅರ್ಥ ದೋಣಿ.
ತೇಲಿಬಿಡಲು ನದಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ;
ಇದ್ದವನ್ನು ಗಿರಣಿಗಳ ಕಾಲದಲ್ಲಿ ರಸ್ತೆಯಡಿ ಹೂತರು.
ನನ್ನ ಅಂಗಡಿ ಒಂದು ಒಳಂಗಳದ ಕೊನೆಗೆ,
ಹಿಂದೆ ಕಲ್ಲಿದ್ದಲು ತುಂಬುತ್ತಿದ್ದ ಕೋಣೆ. ಗೋಡೆ ಒರಗಿದರೆ ಈಗಲೂ ಅಂಗಿ ಕಪ್ಪು.

ಮೊದಲು ಸುಲಭದ್ದು. ವಿದ್ಯುತ್ ಉಳಿಸುವ ಆಯ್ಕೆ ತೆಗೆದೆ. ಎಂಟು.
ಫ್ಯಾನು ಬಿಚ್ಚಿದೆ, ಬೆಕ್ಕಿನ ಕೂದಲು ಒಂದು ಹಿಡಿ. ಎಂಟು.
ಹಕ್ಕಳೆಗಟ್ಟಿದ ಹಳೆಯ ಪೇಸ್ಟು ಒರೆಸಿ
ಬಟಾಣಿ ಕಾಳಿನಷ್ಟು ಹೊಸದು ಇಟ್ಟೆ. ಎಂಟು.
ಬೋರ್ಡಿನ ಬಿಲ್ಲೆ ಬ್ಯಾಟರಿ ಕಿತ್ತು ನೂರು ಎಣಿಸಿ ಮತ್ತೆ ಕೂರಿಸಿದೆ:
ಗಡಿಯಾರ ತನ್ನ ಇಸವಿ ಮರೆಯಿತು,
ವೇಗ ತನ್ನ ಹಟ ಮರೆಯಲಿಲ್ಲ.
ಇಷ್ಟಕ್ಕೂ ಬಿಸಿಯೇ ಇಲ್ಲ. ಮೂವತ್ತನಾಲ್ಕು ಡಿಗ್ರಿ.
ನನ್ನ ನಾಲಿಗೆ ಅದಕ್ಕಿಂತ ಬಿಸಿ.

ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಕೇಳದಿದ್ದರೂ ಹೇಳಿದರು:
ಮೂರನೇ ಪಾಳಿಯ ಹೆಂಗಸರ ಫೋಟೋಗಳು, ನಾನೂರ ಹನ್ನೆರಡು,
ಒಂದೊಂದರ ಗೀರು ಅಳಿಸಿ ಕೆಳಗೆ ಹೆಸರು ಬರೆಯಬೇಕು;
ಒಂದು ಮುಖ ತೆರೆದುಕೊಳ್ಳುವಷ್ಟರಲ್ಲಿ ಟೀ ಆರುತ್ತದೆ.
"ಹೆಸರೂ ಆರುತ್ತದೆ, ಈ ವಯಸ್ಸಿಗೆ."

ಕತ್ತಲಾದ ಮೇಲೆ ಸಿಕ್ಕಿತು, ಪಟ್ಟಿಯ ತಳದಲ್ಲಿ ಒಂದು ಕೆಂಪು ಚುಕ್ಕೆ.
ಕೂಗು ಪ್ರೊಸೆಸರಿನದಲ್ಲ. ಬೋರ್ಡಿನ ಮೂಲೆಯ ಯಾವುದೋ ಸೆನ್ಸರು
ಸುಡುತ್ತಿದ್ದೇನೆ, ಸುಡುತ್ತಿದ್ದೇನೆ ಎಂದು ಒಂದೇ ಗೆರೆಯ ಮೇಲೆ ಚೀರುತ್ತಿದೆ.
ಇದೋ, ತನ್ನ ಮೈ ಮುಟ್ಟಿ ನೋಡಿಕೊಳ್ಳದೆ
ಯಾರದೋ ಜ್ವರಕ್ಕೆ ತಾನು ಗಂಜಿ ಕುಡಿಯುತ್ತಿದೆ.

"ಒಂದೇ ಟಿಕ್ಕು" ಎಂದೆ. "ಆ ಗೆರೆಯ ಮಾತು ಕೇಳಬೇಡ
ಎಂದು ಹೇಳಿಬಿಡುತ್ತೇನೆ. ಐದು ನಿಮಿಷ."

ಆಗ ಎದ್ದರು.

ಮಗ್ಗದಲ್ಲಿ ಹಾಸಿನ ಎಳೆಗೊಂದು ತಗಡಿನ ಪಟ್ಟಿ ತೂಗುತ್ತದಂತೆ;
ಎಳೆ ಹರಿದರೆ ಪಟ್ಟಿ ಬೀಳುತ್ತದೆ, ಬಿದ್ದರೆ ಮಗ್ಗ ನಿಲ್ಲುತ್ತದೆ.
ಕೆಲವು ಸಲ ಎಳೆ ಹರಿಯದೆಯೂ ನಿಲ್ಲುತ್ತದೆ,
ಹತ್ತಿಯ ನವಿರು ಸಿಕ್ಕಿಕೊಂಡು.
"ಎಪ್ಪತ್ತಮೂರರಲ್ಲಿ ಮೇಸ್ತ್ರಿ ಷ್ಚೆಪಾನ್
ತಿಂಗಳ ಕೋಟಾ ಮುಟ್ಟಿಸಲು ಪಟ್ಟಿಗಳನ್ನೆಲ್ಲ ಕಟ್ಟಿಹಾಕಿದ.
ಮಗ್ಗ ಓಡಿತು. ಬಲು ಚೆನ್ನಾಗಿ ಓಡಿತು.
ನಲವತ್ತು ಮೀಟರು ಬಟ್ಟೆ, ಉದ್ದಕ್ಕೂ ಬಾಯಿಬಿಟ್ಟ ಒಂದು ಗೆರೆ.
ತಪಾಸಣೆಯ ಮೇಜಿನಲ್ಲಿ ಕೂತವಳು ನಾನು.
ನೋಡಿದ್ದೆ. ಸಹಿ ಹಾಕಿದ್ದೆ."
ಸ್ವಲ್ಪ ಹೊತ್ತು ಟವೆಲು ಮಡಿಸಿದರು, ಬಿಚ್ಚಿದರು.
"ಕಟ್ಟಬೇಡ, ಮಗು. ಗುಡಿಸು."

ಹಲ್ಲುಜ್ಜುವ ಬ್ರಷ್ಷು, ಸ್ಪಿರಿಟ್ಟು, ಭೂತಗನ್ನಡಿ.
ದೀಪ ಅವರೇ ಹಿಡಿದರು, ಕೈ ನಡುಗಲಿಲ್ಲ.
ಎರಡು ಬೆಸುಗೆಗಳ ನಡುವೆ, ಎಂದೋ ಚೆಲ್ಲಿದ
ಚೆರ್ರಿ ಪಾನಕದ ಅಂಟಿನಲ್ಲಿ ಬೂದು ಬಣ್ಣದ ಒಂದು ಎಳೆ,
ಬೆಕ್ಕಿನದೋ, ಟವೆಲಿನದೋ.
ಬಂತು. ಒಣಗಲು ಬಿಟ್ಟೆವು. ಕಿಟಕಿಯಾಚೆ ಕೊನೆಯ ಟ್ರಾಮಿಗೆ ಇನ್ನೂ ಸಮಯವಿತ್ತು.

ಮೂರು ಪಾಯಿಂಟ್ ಐದು ಒಂಬತ್ತು!
ನಾನು ನಕ್ಕೆ. ಅವರು ನಗಲಿಲ್ಲ,
ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ
"ಒಂದೆಳೆ ಕಡಿಮೆ" ಎಂದರು.
ಎಲ್ಲ ಯಂತ್ರದಲ್ಲೂ ಹಾಗೇ, ಗಡಿಯಾರದ ಹರಳಿನ ಸ್ವಭಾವ ಅದು
ಎಂದು ಎಷ್ಟು ಹೇಳಿದರೂ ಕೇಳದೆ
ನನ್ನ ಬಿಲ್ಲಿನ ಮೇಲೆ "ಎರಡನೇ ದರ್ಜೆ" ಎಂದು ಬರೆದು
ಒಂದು ಜ್ವೋಟಿ ಮುರಿದುಕೊಂಡು ಉಳಿದದ್ದು ಎಣಿಸಿದರು.
ಸಹಿ ಹಾಕಲು ಮಾತ್ರ ಬಹಳ ಹೊತ್ತು ತೆಗೆದುಕೊಂಡರು.