ನಾಲ್ಕು ಬಾಗಿಲು

ಶಿರ್ವದ ನಮ್ಮ ಕೇರಿಯಲ್ಲಿ ಯಾರ ಮನೆಗೂ
ನಾಲ್ಕು ಬಾಗಿಲಿರಲಿಲ್ಲ.
ನನ್ನದಕ್ಕಿದೆ. ಐದನೆಯದು ಡಿಕ್ಕಿ,
ಅದೇ ಅಡುಗೆಮನೆ, ಅದೇ ಅಂಗಡಿ.

ಮೊದಲು ಶಾರ್ಜಾದ ರೋಲ್ಲಾದಲ್ಲಿದ್ದೆ.
ಒಂದು ಹಾಲನ್ನು ಪ್ಲೈವುಡ್ಡಿನಲ್ಲಿ ಆರು ಮಾಡಿದ್ದರು.
ನನ್ನ ಪಾಲಿಗೆ ಮಂಚ, ಮಂಚದ ಕೆಳಗೆ ಮಿಷನ್ನು,
ಗೋಡೆಯಾಚೆ ಯಾರದೋ ಕೆಮ್ಮು;
ಮುಖ ನೋಡದೆಯೇ ಮೇಲಿಂದ ಔಷಧ ದಾಟಿಸಿದ್ದೇನೆ.
ಬಲದಿಯಾದವರು ಒಂದು ಬೆಳಿಗ್ಗೆ ಬಂದು
ಗೋಡೆಗಳನ್ನು ಬಿಚ್ಚಿದರು, ಹಳೇ ಹೊಲಿಗೆ ಬಿಚ್ಚುವಂತೆ.
ಆಗ ನೋಡಿದೆವು ಒಬ್ಬರನ್ನೊಬ್ಬರು, ಮೊದಲ ಸಲ.
ಅರ್ಧ ಗಂಟೆಯಲ್ಲಿ ಬೀದಿಯಲ್ಲಿದ್ದೆವು.

ಕಾರು ಎಕೋ, ಎರಡು ಸಾವಿರದ ಮೂರರದ್ದು,
ನಾಲ್ಕನೆಯ ಒಡತಿ ನಾನು.
ಸನಯ್ಯಾದ ಗ್ಯಾರೇಜಿನ ಗುಲ್ ಬಾದ್‌ಶಾ
ಹಿಂದಿನ ಸೀಟು ಕಿತ್ತು ಹಲಗೆ ಹೊಡೆದ.
"ಮಲಗಿ ನೋಡಿ" ಅಂದವನು ನಾಚಿ ಬೆನ್ನು ತಿರುಗಿಸಿದ.
ನನ್ನ ಟೇಪಿನಲ್ಲಿ ನನ್ನನ್ನೇ ಅಳೆದುಕೊಂಡೆ:
ಐದಡಿ ಒಂದಿಂಚು. ಜಾಗ ನಾಲ್ಕಡಿ ಹತ್ತು.
ಮೂರಿಂಚು ನಾನೇ ಮಡಚಿದೆ,
ಗಿರಾಕಿಗಳ ಪ್ಯಾಂಟಿಗೆ ಮಾಡುವಂತೆ.

ಹಗಲೆಲ್ಲ ನೆರಳಿನ ಬೆನ್ನು ಹತ್ತುವ ಕೆಲಸ.
ಎಂಟಕ್ಕೆ ಮಸೀದಿಯ ಪಡುವಣ ಗೋಡೆ,
ಹನ್ನೊಂದಕ್ಕೆ ಲಾಂಡ್ರಿಯ ಬೋರ್ಡಿನಡಿ,
ನಡುಹಗಲಲ್ಲಿ ಎಲ್ಲಿಯೂ ಇಲ್ಲ.
ರೋಲ್ಲಾ ಅಂದರೆ ಆಲದ ಮರವಂತೆ;
ಮರ ಯಾವಾಗಲೋ ಬಿದ್ದುಹೋಗಿ
ಹೆಸರು ಮಾತ್ರ ಬಿಸಿಲಲ್ಲಿ ನಿಂತಿದೆ.
ಆ ಹೊತ್ತಿಗೆ ಗಿರಾಕಿಗಳ ವಿಲ್ಲಾಗಳಿಗೆ ಹೋಗಿ
ಎಸಿಯ ಕೆಳಗೆ ನಿಧಾನ ಅಳತೆ ತೆಗೆಯುತ್ತೇನೆ:
"ಇನ್ನೊಮ್ಮೆ ತೋಳು ಎತ್ತಿ, ಮೇಡಂ."

ಜುಲೈಯಲ್ಲಿ ಬಟ್ಟೆ ಒಣಗಲು ಹನ್ನೊಂದು ನಿಮಿಷ.
ಬಿಸಿನೀರಿಗೆ ಖರ್ಚಿಲ್ಲ, ತಣ್ಣೀರಿಗೆ ಉಂಟು.
ಅಕ್ಕ ಫೋನಿನಲ್ಲಿ ಕೇಳುತ್ತಾಳೆ, "ಹೊಸ ರೂಮು ಹೇಗಿದೆ?"
"ಗಾಳಿ ಬೆಳಕಿದೆ. ಮಲಗಿದಲ್ಲಿಂದಲೇ ಸಮುದ್ರ ಕಾಣುತ್ತದೆ."
ಒಂದು ಮಾತೂ ಸುಳ್ಳಲ್ಲ.

ಕಳೆದ ನವೆಂಬರಿನಲ್ಲಿ ರಗ್ದಾ ಎಂಬ ಸಿರಿಯಾದ ಹುಡುಗಿ
ಅಮ್ಮನ ಮದುವೆಯ ಗೌನು ತಂದುಕೊಟ್ಟಳು.
ಯುದ್ಧ ದಾಟಿ ಬಂದದ್ದು. ಸೊಂಟ ಹಿಡಿಸಬೇಕು.
ಮುದುಡಬಾರದೆಂದು ಪೇಪರು ತುಂಬಿ ಮಲಗಿಸಿದೆ,
ಬಾಲವೇ ಐದು ಮೊಳ, ಹಲಗೆಯಿಡೀ ಅದಕ್ಕೇ ಆಯಿತು.
ಮೂರು ರಾತ್ರಿ ಮುಂದಿನ ಸೀಟಿನಲ್ಲಿ ಕೂತೇ ನಿದ್ದೆ,
ನೆಂಟಳಿಗೆ ಮಂಚ ಬಿಟ್ಟುಕೊಟ್ಟ ಮನೆಯಾಕೆಯ ಹಾಗೆ.

ಮೂರನೆಯ ರಾತ್ರಿ, ಮಮ್ಝರಿನ ದಂಡೆ, ಎರಡು ಗಂಟೆ.
ಗಾಜಿಗೆ ಟಕ್ ಟಕ್.
ಟಾರ್ಚು ನನ್ನ ಮುಖ ದಾಟಿ ಹಿಂದಕ್ಕೆ ಹೋಗಿ
ಅಲ್ಲೇ ನಿಂತಿತು.
"ಯಾರದು?"
ನಿದ್ದೆಗಣ್ಣಿಗೆ ಸಿಕ್ಕ ಅರಬ್ಬಿ ಇಷ್ಟೇ:
"ಅರೂಸ್." ಮದುಮಗಳು.
ಅವನು ಎರಡು ಹೆಜ್ಜೆ ಹಿಂದೆ ಸರಿದ.
"ಉಸಿರಾಡುತ್ತಿಲ್ಲ!"

ಬಾಗಿಲು ತೆಗೆದೆ. ತೋಳಿನೊಳಗಿಂದ ಪೇಪರು ಎಳೆದೆ:
ತೈಲದ ದರ, ಯಾರದೋ ಸಾವು,
ಸಮುದ್ರಮುಖಿ ಫ್ಲಾಟು ಬಾಡಿಗೆಗಿದೆ.
ಚಿಕ್ಕ ಹುಡುಗ, ಮೀಸೆ ಇನ್ನೂ ಕಲಿಯುತ್ತಿತ್ತು.
ನಗು ತಡೆಯಲು ಟೋಪಿ ಸರಿಪಡಿಸಿಕೊಂಡ.
"ಇಲ್ಲಿ ಮಲಗುವಂತಿಲ್ಲ ಖಾಲಾ.
ಆ ದೀಪದ ಕಂಬದಾಚೆ ದುಬೈ.
ಅದು ನನಗೆ ಸೇರಿದ್ದಲ್ಲ."

ಒಂದು ಎಮಿರೇಟಿನಿಂದ ಇನ್ನೊಂದಕ್ಕೆ
ಎರಡನೇ ಗೇರೂ ಬೇಕಾಗಲಿಲ್ಲ.
ಕನ್ನಡಿಯಲ್ಲಿ, ಪೇಪರು ತೆಗೆದ ಅವಳ ತೋಳು ಜೋತಿತ್ತು.
ನಿಲ್ಲಿಸಿ ಮತ್ತೆ ತುಂಬಿದೆ,
ಸಾವಿನ ಸುದ್ದಿಯೊಂದನ್ನು ಬಿಟ್ಟು.

ಶುಕ್ರವಾರ ರಗ್ದಾ ಬಂದು ಒಯ್ದಳು.
"ನಿಮ್ಮ ಅಂಗಡಿ ಎಲ್ಲಿ ಬರುತ್ತದೆ?" ಕೇಳಿದಳು.
"ಹೇಳಿದಲ್ಲಿಗೆ ಬರುತ್ತದೆ" ಅಂದೆ.

ಆ ರಾತ್ರಿ ಹಲಗೆ ನನ್ನದು.
ಮಂಡಿ ಮಡಚುವುದು ಮರೆತು ಕಾಲು ಚಾಚಿದೆ.
ಮೂರಿಂಚು ಹೋಗಿ
ಬಾಗಿಲಿಗೆ ತಾಗಿತು.