ಕಲ್ಲಿನ ಬೆನ್ನು

ಮಡಕಶಿರೆ ದಾಟಿ ಬಸ್ಸಿಳಿದರೆ
ಹುಣಸೆಮರ, ತಂತಿಬೇಲಿ, ನೀಲಿ ಹಲಗೆ.
ಒಳಗೆ ಹೋಗಲು ಇಪ್ಪತ್ತು ರೂಪಾಯಿ.
ಓಬಕ್ಕತ್ತೆ ನಕ್ಕಳು: "ನನ್ನ ಮೇಕೆಗಳು
ಬಿಟ್ಟಿ ಹೋಗಿಬರುತ್ತಿದ್ದ ಬಾಗಿಲು ಇದು."

ಸಾವಿರ ವರ್ಷದ ಹಿಂದೆ ಇಲ್ಲಿ
ಬೂದಿ ಬಳಿದ ಗುರುಗಳಿದ್ದರಂತೆ,
ತೂಕಡಿಸುತ್ತ ವ್ಯಾಕರಣ ಒಪ್ಪಿಸುವ
ಹುಡುಗರಿದ್ದರಂತೆ.
ಈಗ ಕೋಣೆಗೊಂದು ಟ್ಯೂಬ್‌ಲೈಟು,
ಮೂಗು ಹೋದ ಭೈರವ,
ನಂಬರು ಬರೆಸಿಕೊಂಡ ನಂದಿ,
ಗಾಜಿನೊಳಗೆ ಒನಕೆಯ ಕಬ್ಬಿಣದ ಬಳೆ,
ಪಕ್ಕದಲ್ಲಿ ಸತ್ತ ಜಿರಳೆ. ಅದಕ್ಕೆ ಚೀಟಿಯಿಲ್ಲ.

ಅತ್ತೆ ದೇವರುಗಳನ್ನು ನೋಡಲಿಲ್ಲ.
ಕೋಣೆ ಎಣಿಸುತ್ತ ಹೋದಳು:
"ಇದರಲ್ಲಿ ಹುಣಸೆ. ಇದರಲ್ಲಿ ಸೌದೆ.
ಇಲ್ಲಿ ನಮ್ಮವ್ವ, ತಿಂಗಳಿಗೆ ಮೂರು ದಿನ, ಮುಟ್ಟಬಾರದವಳಾಗಿ.
ಈ ಮೂಲೆಯಲ್ಲೇ ನಿನ್ನಪ್ಪ
ಬೀಡಿ ಸೇದಿ ಸಿಕ್ಕಿಬಿದ್ದಿದ್ದು."
ಗೋಡೆಯನ್ನು ಮೂಸಿದಳು.
ಹೊಸ ಸುಣ್ಣಕ್ಕೆ ಮುಖ ತಿರುವಿದಳು.

ಆಮೇಲೆ, ಹಿಂದಿನ ಅಂಗಳದಲ್ಲಿ, ನಿಂತೇಬಿಟ್ಟಳು.

ಸಿಮೆಂಟು ಪೀಠದ ಮೇಲೆ ನೆಟ್ಟಗೆ ನಿಲ್ಲಿಸಿದ
ಆಳೆತ್ತರದ ಕಲ್ಲು. ಮೈತುಂಬ ಅಕ್ಷರ.
"ಶಾಸನ. ಭಾಷೆ: ಕನ್ನಡ" ಎಂದು
ತೆಲುಗು, ಹಿಂದಿ, ಇಂಗ್ಲಿಷು ಹೇಳುತ್ತಿದ್ದವು.
ಚೀಟಿಯಲ್ಲಿ ಕನ್ನಡಕ್ಕೆ ಜಾಗ ಸಾಲಲಿಲ್ಲವೇನೋ.

ಓದಲು ಹೋದೆ. ಎಂ.ಎ. ಮಾಡಿದ ನನ್ನ ಕನ್ನಡ
ಐದನೇ ಸಾಲಿಗೇ ಕುಂಟಿತು.
ಕಾವಲಿನ ಅಕ್ಕುಲಪ್ಪ,
ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ,
ಕೇಳಿ ಕೇಳಿ ಬಾಯಿಪಾಠ ಅವನಿಗೆ:
"ಓದೋ ಮಕ್ಕಳ ಊಟಕ್ಕೆ ಗದ್ದೆ ಬಿಟ್ಟವ್ರೆ ಸಾರ್,
ದಾರಿಹೋಕರಿಗೂವೆ.
ಇದನ್ನ ಅಳಿಸಿದೋನು ಕಾಶೀಲಿ
ಕವಿಲೆ ಕೊಂದ ಪಾಪಕ್ಕೆ ಹೋಗ್ತಾನೆ, ಅಂತ ಕಡೇಲಿ."

ಅತ್ತೆ ಕಲ್ಲಿನ ಹಿಂದಕ್ಕೆ ಹೋಗಿದ್ದಳು,
ಅಕ್ಷರವೇ ಇಲ್ಲದ ಕಡೆಗೆ.
"ಬಾರೋ ಇಲ್ಲಿ.
ನಮ್ಮ ಬಾವಿಕಟ್ಟೆಯ ಬಟ್ಟೆಬಂಡೆ ಕಣೋ ಇದು."

ಸವೆದ ನಡು, ಎಳೆಮಗುವಿನ ಬೆನ್ನಿನ ನುಣುಪು.
ಅಂಚಿನಲ್ಲಿ ಚಕ್ಕೆ ಎದ್ದ ಜಾಗ:
"ಕಂಬಳಿ ಒಗೆಯುವಾಗ ಸಿಟ್ಟು ಬಂದು
ಗುಂಡುಕಲ್ಲಲ್ಲಿ ಜಜ್ಜಿದ್ದೆ.
ಯಾರ ಮೇಲಿನ ಸಿಟ್ಟೋ. ಈಗ ಅವರೂ ಇಲ್ಲ."

ಅಂದರೆ ಇಷ್ಟು ಕಾಲ
ಮುಖ ಮಣ್ಣಿಗಿಟ್ಟು ಮಲಗಿತ್ತು ಮಾತು.
ಬೆನ್ನ ಮೇಲೆ ಬಾಣಂತಿಯರ ಸೀರೆ,
ಸತ್ತವರ ಹೊದಿಕೆ, ಅಪ್ಪನ ಇಸ್ಕೂಲು ಚಡ್ಡಿ.
ಅಕ್ಷರ ಮೇಲಾಗಿದ್ದರೆ ಎಂದೋ
ಸೋಪಿನ ನೊರೆಯ ಜೊತೆ ಹರಿದುಹೋಗುತ್ತಿತ್ತು
ಹುಡುಗರ ಅನ್ನದ ಗದ್ದೆ.
ಯಾರು ಮಗುಚಿದರೋ.
ಒಗೆಯಲು ಈ ಕಡೆಯೇ ನುಣುಪು ಎಂದಷ್ಟೇ ಇರಬಹುದು.

"ಆ ಪಾಪ ನನಗೂ ತಟ್ಟುತ್ತಾ ಅಕ್ಕುಲಪ್ಪ?"
ಅವನು "ಮುಟ್ಟಬಾರದು" ಹಲಗೆಗೆ ಬೆನ್ನು ಮಾಡಿ
ಬೀಗದ ಕೈ ಎಣಿಸುತ್ತಿದ್ದ.

ಪಿಂಚಣಿಗೆ ಹೆಬ್ಬೆಟ್ಟು ಒತ್ತುವ ಓಬಕ್ಕತ್ತೆ
ಅಂಗೈ ಅಗಲಿಸಿ ಕಲ್ಲಿನ ಬೆನ್ನ ಮೇಲಿಟ್ಟಳು.
ಮೇಲಿಂದ ಕೆಳಗೆ, ನಿಧಾನ,
ಒಂದು ಸಾಲೂ ಬಿಡದೆ.

ಬಸ್ಸಿಗೆ ಹೊತ್ತಾಯಿತು ಎಂದೆ.
"ತಡಿಯೋ," ಎಂದಳು,
"ಅಂಚು ಇನ್ನೂ ಉಳಿದಿದೆ."