ಚೀಟಿ ಒಳಗಡೆ

ಒತ್ತು, ಅಂತಾನೆ ಮಾವ ಗಾಡಿಯಡಿಯಿಂದ.
ಒತ್ತುತ್ತೇನೆ.
ಹಿಡಿ. ಹಿಡಿಯುತ್ತೇನೆ.
ನಿಪ್ಪಲ್ ತಿರುವಿದ ಸದ್ದು. ಸಣ್ಣ ನಳಿಗೆಯಲ್ಲಿ ಎಣ್ಣೆ ಜಾರಿ
ಏಪ್ರಿಕಾಟ್ ಜಾಮಿನ ಹಳೇ ಬಾಟಲಿಗೆ ಬೀಳುತ್ತದೆ.
ಈಗ ಬಿಡು.
ಕಾಲು ಬಿಡುತ್ತದೆ. ಕ್ಲಚ್ಚು ಬಿಡದು.

ಗ್ಯುಮ್ರಿಯ ಜನವರಿ. ಭೂಕಂಪದ ವರ್ಷ ಯಾರೋ ಕೊಟ್ಟ
ತಗಡಿನ ಡಬ್ಬಿಮನೆ ಈಗ ನಮ್ಮ ಗ್ಯಾರೇಜು.
ಮೂಲೆಯಲ್ಲಿ ಒಲೆ, ಒಲೆಯ ಮುಂದೆ ಪರ್ಗೆವ್,
ಬೆಳಗಿನ ಐದಕ್ಕೆ ಅರವತ್ತು ಬಾಟಲಿ ಮೊಸರು
ಯೆರೆವಾನಿಗೆ ಒಯ್ಯಬೇಕಾದವನು.
ಆಗಾಗ ಎದ್ದು ಬಂದು ನಿವಾದ ಬಾನೆಟ್ಟು ಸವರಿ ಹೋಗುತ್ತಾನೆ,
ಮೇವು ಬಿಟ್ಟ ಹಸುವಿನ ಬೆನ್ನು ಸವರಿದ ಹಾಗೆ.

ಹೊಸ ಕ್ಲಚ್ಚು ಹಾಕಿ ಒಂದು ದಿನವೂ ಆಗಿಲ್ಲ.
ಎಂಜಿನ್ ಆರಿದ್ದರೆ ಐದೂ ಗೇರು ಬೆಣ್ಣೆ.
ಹಚ್ಚಿದರೆ ಒಂದೂ ಇಲ್ಲ, ಬರೀ ಕರಕರ.
ಮೊದಲನೇ ಗೇರಲ್ಲಿಟ್ಟು, ಪೆಡಲ್ ನೆಲಕ್ಕೆ ತುಳಿದು,
ಕೀಲಿ ತಿರುಗಿಸಿದರೆ ಗಾಡಿ ಗೋಡೆಗೆ ಹಾಯುತ್ತದೆ.
(ಹಾದಿದೆ. ತಗಡು ತಗ್ಗಾಗಿದೆ ನೋಡಿ.)

ಗಾಳಿ ಸೇರಿದೆ, ಅಂದ ಮಾವ.
ಒತ್ತು, ಹಿಡಿ, ಬಿಡು. ಬಾಟಲಿ ತುಂಬಿತು,
ಗುಳ್ಳೆ ಒಂದೂ ಬರಲಿಲ್ಲ.
ಮೇಲಿನ ಸಿಲಿಂಡರ್ ಸೋರುತ್ತಿರಬೇಕು, ಅಂದ.
ಬೆರಳಿಟ್ಟರೆ ಒಣ ಧೂಳು.
ಫೋರ್ಕು ಎಷ್ಟು ಸರಿಯುತ್ತದೆಂದು ಸ್ಕೇಲು ಹಿಡಿದು ನೋಡಿದ:
ಎಷ್ಟು ಸರಿಯಬೇಕೋ ಅಷ್ಟೂ ಸರಿಯುತ್ತಿತ್ತು.
ಹೊರಗಿನದೆಲ್ಲ ನೆಟ್ಟಗಿದ್ದ ಮೇಲೆ
ಉಳಿದದ್ದು ಒಳಗಿನದು.
ಆ ಮಾತು ಅವನು ಆಡಲಿಲ್ಲ. ಸಿಗರೇಟು ಹಚ್ಚಿದ.

ಒಳಗಿನದು ನನ್ನ ಕೆಲಸ.
ನಿನ್ನೆ ಸಂಜೆ, ಕರೆಂಟು ಹೋಗಿ, ಟಾರ್ಚು ಬಾಯಲ್ಲಿ ಕಚ್ಚಿ,
ಮಾವ ಮೊದಲ ಸಲ ನನ್ನೊಬ್ಬಳಿಗೇ ಬಿಟ್ಟದ್ದು.
ಹೊಸ ಡಿಸ್ಕಿನ ಒಂದು ಮುಖದ ಮೇಲೆ
ಉದ್ದನೆಯದೊಂದು ಜರ್ಮನ್ ಪದ.
ಅಂಗಿಯ ಚೀಟಿ ಒಳಗಡೆ ಇರುತ್ತದಲ್ಲ,
ಬರಹವಿರುವ ಬದಿ ಮೈಗೆ ತಾಗುವ ಬದಿಯಲ್ಲವೆ?
ಹಾಗಂದುಕೊಂಡು ಅಕ್ಷರಗಳನ್ನು ಫ್ಲೈವೀಲಿನತ್ತ ತಿರುಗಿಸಿ
ಆರೂ ಬೋಲ್ಟು ಬಿಗಿದೆ.
ಬಿಗಿಯುವುದರಲ್ಲಿ ನನ್ನ ಕೈ ಗಟ್ಟಿ.

ಮೊದಲ ಬಾಟಲಿಗೇ ಗೊತ್ತಾಗಿತ್ತು ನನಗೆ.
ಎಂಜಿನ್ನು ಒಳಗೆ ಓಡುತ್ತಲೇ ಇತ್ತು,
ಬಾಯಿಗೆ ಗೇರು ಬೀಳಲಿಲ್ಲ.

ಒಂಬತ್ತು ಗಂಟೆಗೆ, ಮಾವ ನಾಲ್ಕನೇ ಸಲ
ಹಿಮಗಟ್ಟಿದ ಸಿಮೆಂಟಿಗೆ ಬೆನ್ನು ಕೊಟ್ಟಾಗ
ಅಂದೆ: ಮಾವ, ಚೀಟಿ ಒಳಗಡೆ ಇದೆ.
ಯಾವ ಚೀಟಿ?
ಬಗ್ಗಿ, ಸ್ವೆಟರಿನ ಕತ್ತು ಮಗುಚಿ ತೋರಿಸಬೇಕಾಯಿತು.

ಬೈದ. ನನ್ನನ್ನಲ್ಲ,
ಅಂಗಿ ಹೊಲಿಯುವವರನ್ನು, ಜರ್ಮನಿಯನ್ನು,
ವಿದ್ಯುತ್ ಇಲಾಖೆಯನ್ನು, ಸತ್ತುಹೋದ ತನ್ನ ಗುರುವನ್ನು.
ಆಮೇಲೆ ಹತ್ತೊಂಬತ್ತರ ಸ್ಪ್ಯಾನರನ್ನು
ನನ್ನ ಕಾಲ ಕಡೆ ತಳ್ಳಿದ.

ಶಾಫ್ಟು ಇಳಿಯಿತು, ಟ್ರಾನ್ಸ್‌ಫರ್ ಕೇಸು ಇಳಿಯಿತು.
ಪರ್ಗೆವ್ ಕೋಟು ಬಿಚ್ಚಿ ಬಂದು
ಗೇರ್‌ಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಂಡ.
ಒಳಗೆ, ಫ್ಲೈವೀಲಿನ ಬೋಲ್ಟುಗಳ ತಲೆ ಸವೆದು
ಹೊಸ ನಾಣ್ಯದಷ್ಟು ಹೊಳಪು.
ಜರ್ಮನ್ ಪದದ ಎರಡಕ್ಷರ ಅಳಿಸಿತ್ತು.

ಆಚೆ ಡಬ್ಬಿಯ ಹೆರಿಕ್ನಾಜ್ ಅಜ್ಜಿ,
ವಯಸ್ಸಿನಲ್ಲಿ ಡ್ರೆಸ್ಡೆನ್ನಿನ ಸೈನಿಕರ ಬಟ್ಟೆ ಒಗೆದವಳು,
ಹನ್ನೊಂದೂವರೆಗೆ ಬಾಗಿಲು ತೆರೆದು, ಕನ್ನಡಕ ಹುಡುಕಿ,
ಡಿಸ್ಕನ್ನು ರೊಟ್ಟಿಯಂತೆ ಎರಡೂ ಕೈಯಲ್ಲಿ ಹಿಡಿದು ಓದಿದಳು:
'ಗೇರ್‌ಬಾಕ್ಸಿನ ಕಡೆ.'
ಇಷ್ಟಕ್ಕೆ ಎಬ್ಬಿಸಿದಿರಾ?

ನಾಲ್ಕೂವರೆ.
ನಾನು ಪೆಡಲ್ ತುಳಿದೆ. ಮಾವ ಪಕ್ಕದ ಸೀಟಿನಿಂದ
ಗೇರು ಹಾಕಿದ. ಟಕ್.
ಎಂಜಿನ್ನು ಓಡುತ್ತಿದೆ, ಗೇರು ಬಿದ್ದಿದೆ,
ಗಾಡಿ ನಿಂತಲ್ಲೇ ನಿಂತಿದೆ.
ಮೂವರೂ ಸುಮ್ಮನೆ ಕೂತು
ಅದು ಎಲ್ಲಿಗೂ ಹೋಗದಿರುವುದನ್ನು ನೋಡಿದೆವು.

ಪರ್ಗೆವ್ ಅರ್ಧ ದುಡ್ಡು ಕೊಟ್ಟ, ತಗಡಿನ ತಗ್ಗಿಗೆ ಇಷ್ಟು ಮುರಿದುಕೊಂಡ,
ಎರಡು ಬಾಟಲಿ ಮೊಸರು ಇಟ್ಟುಹೋದ.
ಒಂದು ಹೆಪ್ಪುಗಟ್ಟಿ ಒಡೆದಿತ್ತು.